ನಿಘಂಟುಗಳ ಬಳಕೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ರೈತರು ಗೂಡು ತರುತ್ತಾರೆ. ಅದನ್ನು ಕೊಂಡು ನೂಲು ಬಿಚ್ಚುವವರಲ್ಲಿ ಉರ್ದು ಮನೆಮಾತಿನವರು ಅನೇಕರು. ಅಲ್ಲಿ ಹೊಸದಾಗಿ ಕನ್ನಡ ಕಲಿಯುತ್ತಿರುವವನೊಬ್ಬನು, ‘ಹುಳು ಎರಡನೆಯ ಜ್ವರದಲ್ಲಿದೆ’, ‘ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡಬೇಕು’ ಎಂಬ ಮಾತುಗಳನ್ನು ಕೇಳಿ ತನ್ನ ಕಿರುನಿಘಂಟನ್ನು ತೆರೆದರೆ ಏನು ಕಂಡಾನು? ಜ್ವರವೆಂದರೆ ಮೈ ಕಾಯುವ ರೋಗ, ಹಣ್ಣೆಂದರೆ ಫಲ, ಚಂದ್ರಿಕೆಯೆಂದರೆ ಬೆಳದಿಂಗಳು! ಹುಳುವನ್ನು ಬೆಳದಿಂಗಳಿಗೆ ಬಿಡುವುದುಂಟೆ ಎಂದು ಅವನು ಬೆರಗಾಗುವುದು ಸಹಜ.

ಹುಳು ಸಾಕುವ ಮನೆಯಲ್ಲಿ ಜ್ವರವು ರೋಗವಲ್ಲ. ಹುಳುವು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ನಿಶ್ಚಲವಾಗಿದ್ದು, ಹಳೆಯ ಪೊರೆಯನ್ನು ಕಳಚುವ ಅವಸ್ಥೆಗೆ ಆ ಹೆಸರು. ಗೂಡು ಕಟ್ಟುವ ಮುನ್ನ ಅದು ನಾಲ್ಕು ಸಲ ಬರುತ್ತದೆ. ಬೆಳವಣಿಗೆ ಮುಗಿದು ಮೈ ತಿಳಿಹಳದಿಯಾಗಿ ಹೊಳೆಯತೊಡಗಿದ ಹುಳುವೇ ಹಣ್ಣಾದ ಹುಳು. ಅದು ಗೂಡು ಕಟ್ಟಲೆಂದು ಬಿದಿರಿನಿಂದ ಹೆಣೆದ ತಟ್ಟಿಯೇ ಚಂದ್ರಿಕೆ.

ಇದು ಕಿರುನಿಘಂಟಿನ ದೋಷವೆನ್ನಲಾಗದು. ಜೇಬಿನಲ್ಲಿ ಹಿಡಿಸುವ ಪುಸ್ತಕದಿಂದ ಊರೂರಿನ ಮಾತನ್ನೆಲ್ಲ ಬಯಸುವುದು ನ್ಯಾಯವಲ್ಲ. ದೋಷವಿರುವುದು, ನಿಘಂಟುಗಳೆಲ್ಲ ಒಂದೇ ಬಗೆಯವು, ಮೊದಲು ಕಂಡ ಅರ್ಥವೇ ಅರ್ಥ ಎಂಬ ನಂಬಿಕೆಯಲ್ಲಿ. ಚನ್ನಪಟ್ಟಣದ ಬೊಂಬೆಗಳಿಗೆ ಅರಗಿನ ಬಣ್ಣ ಕೊಡುತ್ತಾರೆ. ‘ಅರಗು’ ಕ್ರಿಯಾಪದವಾದಾಗ ಜೀರ್ಣವಾಗು ಎಂಬ ಅರ್ಥವೂ ಅದಕ್ಕುಂಟು. ಇದು ನಾಮಪದವೋ ಕ್ರಿಯಾಪದವೋ ಎಂಬುದನ್ನು ನೋಡದೆ ಇಂಗ್ಲಿಷಿಗೆ ತಿರುಗಿಸಹೊರಟ ವಿದ್ಯಾರ್ಥಿಯ ಕೈಯಲ್ಲಿ ಬೊಂಬೆಯ ಬಣ್ಣ ಹೊಟ್ಟೆಯೊಳಗಿನ ಅನ್ನದಂತೆ ಜೀರ್ಣವಾಗಿ ಹೋಗುತ್ತದೆ!

ಪ್ರಾಚೀನರು ನಿಘಂಟುಗಳನ್ನು ಪದ್ಯದಲ್ಲಿ ರಚಿಸಿದರು. ಬಾಯಿಪಾಠ ಮಾಡುವವರಿಗೆ ಅಕಾರಾದಿ ಕ್ರಮದ ಅಗತ್ಯವಿರಲಿಲ್ಲ. ಇಂದಿನ ಶಾಲೆಗೆ ಅವು ಅಷ್ಟಾಗಿ ಒದಗವು. ಆದರೆ ರೆವರೆಂಡ್ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟಿನ ಮಾತು ಬೇರೆ. ಜರ್ಮನಿಯಿಂದ ಬಂದ ಆ ವಿದ್ವಾಂಸರ ಗ್ರಂಥವು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಶಬ್ದಗಳುಳ್ಳ ಅದರಲ್ಲಿ ಗಾದೆಗಳೂ ಉಂಟು. ತಮಿಳು, ತೆಲುಗು, ತುಳು ಮೊದಲಾದ ಸೋದರಭಾಷೆಗಳ ರೂಪಗಳೂ ಉಂಟು. ಕನ್ನಡ ಸಾಹಿತ್ಯ ಪರಿಷತ್ತಿನ ‘ಕನ್ನಡ ನಿಘಂಟು’ ಕನ್ನಡಕ್ಕೆ ಕನ್ನಡದಲ್ಲಿಯೇ ಅರ್ಥ ಹೇಳುತ್ತದೆ. ಅದರ ಮೊದಲ ಸಂಪುಟ 1970ರಲ್ಲಿ, ಎಂಟನೆಯದೂ ಕೊನೆಯದೂ ಆದ ಸಂಪುಟ 1995ರಲ್ಲಿ ಹೊರಬಂದವು. ಶಾಸನ, ಕಾವ್ಯಗಳ ಪ್ರಯೋಗಗಳನ್ನು ಎತ್ತಿಕೊಟ್ಟು ಪದದ ನಡೆಯನ್ನು ತೋರುವುದು ಅದರ ಹಿರಿಮೆ. ಹಳಗನ್ನಡದ ‘ಪಣ್’ ಎಂಬುದೇ ಇಂದಿನ ‘ಹಣ್ಣು’ ಎಂದು ತಿಳಿಯಬಯಸುವವನು ಇಂಥ ಗ್ರಂಥಕ್ಕೇ ಹೋಗಬೇಕು. ಎಂಟು ಸಂಪುಟಗಳನ್ನು ಮನೆಯಲ್ಲಿಟ್ಟುಕೊಳ್ಳುವುದು ಎಲ್ಲರಿಗೂ ಆಗದು. ಪ್ರತಿ ಪ್ರೌಢಶಾಲೆಯ ಗ್ರಂಥಭಂಡಾರದಲ್ಲಾದರೂ ಅವು, ಬೀಗ ಹಾಕಿದ ಬೀರುವಿನಲ್ಲಲ್ಲ, ಮಕ್ಕಳ ಕೈಗೆಟಕುವಂತೆ ಇರಬೇಕು.

ಭಾಷೆ ಕಲಿಯುವವನು ಬೇಗನೆ ಎರಡು ಭಾಷೆಗಳ ನಿಘಂಟಿನಿಂದ ಒಂದೇ ಭಾಷೆಯ ನಿಘಂಟಿಗೆ ದಾಟುವುದು ಲೇಸು. ಮೊದಲನೆಯದು ಒಂದು ಮಾತಿಗೆ ಬದಲಾಗಿ ಇನ್ನೊಂದನ್ನು ಕೊಟ್ಟು ಸುಮ್ಮನಾಗುತ್ತದೆ, ಎರಡನೆಯದು ವಿವರಿಸುತ್ತದೆ.

ಆದರೂ ಜ್ವರ, ಚಂದ್ರಿಕೆಗಳಂಥ ವೃತ್ತಿಯ ಮಾತುಗಳಿಗೆ ವೃತ್ತಿಪದಕೋಶಗಳೇ ಬೇಕು. ಅಂಥವು ಕೆಲವು ಬಂದಿವೆಯಾದರೂ ಸಾಲವು. ಕಸುಬು ಬದಲಾದಂತೆ ಅದರ ಮಾತೂ ಜಾರಿಹೋಗುತ್ತದೆ. ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ಕಿನದು ಬಂದಿದೆ. ಬಿದಿರನ್ನು ಸೀಳಿ ಹೆಣೆಯುವವರು ವಿರಳವಾದಂತೆ ಅವರ ಕೆಲಸದ ಮಾತುಗಳೂ ವಿರಳವಾಗುತ್ತಿವೆ. ಆ ಮಾತುಗಳನ್ನು ಬಲ್ಲವರ ಮಕ್ಕಳೇ ತರಗತಿಯಲ್ಲಿ ಕುಳಿತಿರುವಾಗ ದೂರದ ಪಂಡಿತರಿಗಾಗಿ ಕಾಯುವುದೇಕೆ? ಶಬ್ದ, ಅದನ್ನು ಆಡಿದವರ ಊರು, ಆಡಿದ ಸಂದರ್ಭ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟರಾಯಿತು. ದೊಡ್ಡ ನಿಘಂಟುಗಳ ಕೆಲಸ ಮೊದಲಾದದ್ದೂ ಚೀಟಿಗಳಿಂದಲೇ.