ಟವರ್ ಹೇಳುವ ಸಾಕ್ಷಿ

ಪುಂಜಾಲಕಟ್ಟೆಯಲ್ಲಿ ಬೆಳಗ್ಗೆ ಬಸ್ಸು ಹತ್ತಿದ ಹೆಂಗಸೊಬ್ಬಳು ಬಿ.ಸಿ.ರೋಡಿಗೆ ಟಿಕೆಟು ಪಡೆದಳು ಎನ್ನಿ. ಕಂಡಕ್ಟರು ಅವಳ ಹೆಸರು ಕೇಳುವುದಿಲ್ಲ. ಯಾಕೆ ಹೋಗುತ್ತೀರಿ ಎಂದೂ ಕೇಳುವುದಿಲ್ಲ. ಚಿಲ್ಲರೆ ಇದೆಯೇ ಎಂದು ಕೇಳಿಯಾನು, ಅಷ್ಟೆ. ಅವಳು ಬೀಡಿಯ ಕಟ್ಟು ಹಿಡಿದು ಬ್ರಾಂಚಿಗೆ ಹೊರಟಿರಬಹುದು, ಬಂಟ್ವಾಳದ ಕೋರ್ಟಿನಲ್ಲಿ ವಕೀಲರನ್ನು ಕಾಣಬೇಕಾಗಿರಬಹುದು, ಅಥವಾ ಮನೆಯವರಿಗೂ ಹೇಳದೆ ಡಾಕ್ಟರೊಬ್ಬರ ಬಳಿಗೆ ಹೊರಟಿರಬಹುದು. ಅದು ಅವಳ ಪಾಡು.

ಆದರೆ ಅವಳ ಕೈಚೀಲದಲ್ಲಿರುವ ಮೊಬೈಲು ಸುಮ್ಮನಿರುವುದಿಲ್ಲ. ಯಾರಿಗೂ ಕರೆ ಮಾಡದಿದ್ದರೂ ‘ನಾನು ಇಲ್ಲಿದ್ದೇನೆ’ ಎಂದು ಅದು ಆಗಾಗ ಟವರಿಗೆ ತಿಳಿಸುತ್ತಿರಬೇಕು. ತಿಳಿಸದಿದ್ದರೆ ಅವಳಿಗೆ ಬರುವ ಕರೆಯನ್ನು ಎಲ್ಲಿಗೆ ಕಳಿಸಬೇಕೆಂದು ಕಂಪನಿಗೆ ಗೊತ್ತಾಗದು. ಬಸ್ಸು ವಗ್ಗ ದಾಟಿ ಜಕ್ರಿಬೆಟ್ಟಿಗೆ ಬರುವಷ್ಟರಲ್ಲಿ ಅವಳ ಫೋನು ಒಂದು ಟವರಿನ ಕೈಯಿಂದ ಇನ್ನೊಂದರ ಕೈಗೆ ದಾಟಿರುತ್ತದೆ. ದಾರಿಯಲ್ಲಿ ಒಂದು ಕರೆ ಬಂದರೆ ಯಾವ ನಂಬರಿನಿಂದ ಬಂತು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಮಾತು ಶುರುವಾದಾಗ ಯಾವ ಟವರು, ಮುಗಿದಾಗ ಯಾವುದು ಎಂಬ ಒಂದು ಸಾಲು ಕಂಪನಿಯ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತದೆ. ಕರೆಯ ವಿವರದ ಈ ಪಟ್ಟಿಗೆ ಪೊಲೀಸರು ಸಿಡಿಆರ್ ಎನ್ನುತ್ತಾರೆ. ಅದರಲ್ಲಿ ಅವಳ ಮಾತು ಇರುವುದಿಲ್ಲ, ಜಾಡು ಇರುತ್ತದೆ. ಮೊದಲು ಈ ಪಟ್ಟಿಯನ್ನು ಒಂದು ವರ್ಷ ಇಟ್ಟುಕೊಂಡರೆ ಸಾಕಿತ್ತು. 2021ರ ಡಿಸೆಂಬರಿನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಲೈಸನ್ಸಿನ ಶರತ್ತನ್ನು ಬದಲಾಯಿಸಿ ಅದನ್ನು ಎರಡು ವರ್ಷ ಮಾಡಿತು.

ಟವರಿಗೆ ದೂರ ಹೇಗೆ ತಿಳಿಯುತ್ತದೆ? ರೇಡಿಯೋ ಅಲೆಗಳೂ ಬೆಳಕಿನ ವೇಗದಲ್ಲೇ ಸಾಗುತ್ತವೆ: ಸೆಕೆಂಡಿಗೆ 3 ಲಕ್ಷ ಕಿಲೋಮೀಟರು, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ 300 ಮೀಟರು. ಫೋನಿನ ಉತ್ತರ ಎಷ್ಟು ತಡವಾಗಿ ಬಂತು ಎಂದು ಟವರು ಅಳೆಯುತ್ತದೆ. ದೂರದಲ್ಲಿರುವ ಫೋನಿಗೆ ‘ನೀನು ಸ್ವಲ್ಪ ಮುಂಚೆಯೇ ಮಾತಾಡು’ ಎಂದು ಹೇಳಲು ಈ ಅಳತೆ ಬೇಕು, ಇಲ್ಲದಿದ್ದರೆ ಹಲವು ಫೋನುಗಳ ಸಂಕೇತಗಳು ಒಂದರ ಮೇಲೊಂದು ಬೀಳುತ್ತವೆ. ಪೊಲೀಸರಿಗಾಗಿ ಮಾಡಿದ ಏರ್ಪಾಡಲ್ಲ ಇದು. ಹಳೆಯ 2ಜಿಯಲ್ಲಿ ಈ ಅಳತೆಯ ಒಂದೊಂದು ಮೆಟ್ಟಲು ಸುಮಾರು 550 ಮೀಟರು. ಅಂಥ 63 ಮೆಟ್ಟಲುಗಳಾದರೆ ಸುಮಾರು 35 ಕಿಲೋಮೀಟರು, ಅಲ್ಲಿಗೆ ಆ ಟವರಿನ ಮಿತಿ ಮುಗಿಯಿತು. 4ಜಿಯಲ್ಲಿ ಮೆಟ್ಟಲು 78 ಮೀಟರಿನಷ್ಟಕ್ಕೆ ಇಳಿದಿದೆ. ಟವರಿನ ಸುತ್ತಲ ಪ್ರದೇಶವನ್ನು ಸಾಮಾನ್ಯವಾಗಿ ಮೂರು ಆಂಟೆನಾಗಳಿಗೆ ಹಂಚಿರುತ್ತಾರೆ. ಆದ್ದರಿಂದ ಫೋನು ಯಾವ ದಿಕ್ಕಿನಲ್ಲಿದೆ ಎಂಬುದೂ ಅಂದಾಜಿಗೆ ಸಿಗುತ್ತದೆ.

ಅಂದಾಜು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಬಿ.ಸಿ.ರೋಡಿನಂಥ ಪೇಟೆಯಲ್ಲಿ ಟವರುಗಳು ಹತ್ತಿರ ಹತ್ತಿರ ಇರುತ್ತವೆ, ಹೋಳು ಸಣ್ಣದು. ಚಾರ್ಮಾಡಿಯ ಬುಡದಲ್ಲೋ ನಾರಾವಿಯಿಂದಾಚೆಯ ಕಾಡಂಚಿನಲ್ಲೋ ಟವರುಗಳು ವಿರಳ, ಹೋಳು ದೊಡ್ಡದು. ಜೊತೆಗೆ ಗುಡ್ಡ ಅಡ್ಡ ಬಂದರೆ ಫೋನು ಹತ್ತಿರದ ಟವರನ್ನು ಬಿಟ್ಟು ಕಣಿವೆಯಾಚೆಗಿನ ಟವರನ್ನು ಹಿಡಿಯುವುದೂ ಉಂಟು. ಮಲೆಯ ತಪ್ಪಲಲ್ಲಿ ಮನೆಯಿದ್ದವರಿಗೆ ಇದು ಹೊಸ ಸಂಗತಿಯಲ್ಲ, ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವುದು ಯಾಕೆಂದು ಅವರಿಗೆ ಗೊತ್ತು. ಹೀಗಿರುವಾಗ ‘ಟವರ್ ಲೊಕೇಶನ್ ಅಲ್ಲೇ ತೋರಿಸುತ್ತಿದೆ’ ಎಂಬ ಮಾತಿಗೆ ಪೇಟೆಯಲ್ಲಿ ಒಂದು ಅರ್ಥ, ಕಾಡಿನಲ್ಲಿ ಇನ್ನೊಂದು. ಆ ಹೋಳಿನೊಳಗೆ ಆರೋಪಿಯೂ ಇದ್ದಾನು, ಹಟ್ಟಿಗೆ ಸೊಪ್ಪು ತರಲು ಹೋದವನೂ ಇದ್ದಾನು.

ಇದರ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಕಾಣೆಯಾದ ಮಗುವನ್ನು ಹುಡುಕುವಾಗ, ಗುಡ್ಡದಲ್ಲಿ ದಾರಿ ತಪ್ಪಿದವರನ್ನು ಅರಸುವಾಗ ಟವರಿನ ಸಾಕ್ಷಿಗಿಂತ ದೊಡ್ಡ ಸಹಾಯವಿಲ್ಲ. 2013ರ ಜುಲೈಯಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ವಿಗ್ರಹಗಳು ಕಳವಾದಾಗ ಊರಿಗೆ ಊರೇ ಮರುಗಿತ್ತು. ಇಂಥ ಜಾಗಗಳಿಗೆ ಕಾವಲು ಬೇಡ, ಕ್ಯಾಮರಾ ಬೇಡ ಎನ್ನುವವರು ಯಾರೂ ಇರಲಾರರು. ಪ್ರಶ್ನೆ ಇರುವುದು ಬೇರೆ ಕಡೆ: ಕಳ್ಳನನ್ನು ಹುಡುಕಲು ಹಾಸಿದ ಬಲೆಯಲ್ಲಿ ಉಳಿದವರ ಜಾಡೂ ಸಿಕ್ಕಿಬೀಳುತ್ತದಲ್ಲ, ಅದರ ಲೆಕ್ಕ ಯಾರು ಇಡುತ್ತಾರೆ?

ಈ ಪ್ರಶ್ನೆಗೆ ಕಾನೂನು ಕೊಟ್ಟಿರುವ ಉತ್ತರ ತುಸು ವಿಚಿತ್ರವಾಗಿದೆ. ಮಾತನ್ನು ಕದ್ದು ಕೇಳುವುದಕ್ಕೆ ಬಿಗಿ ನಿಯಮಗಳಿವೆ. ಅದಕ್ಕೊಂದು ಕನ್ನಡದ ಚರಿತ್ರೆಯೂ ಇದೆ. ಟೆಲಿಫೋನ್ ಕದ್ದಾಲಿಕೆಯ ಆರೋಪ ಮೇಲೆ ಬಂದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಮೊಬೈಲು ಇನ್ನೂ ದೇಶಕ್ಕೆ ಕಾಲಿಡದ ಕಾಲ ಅದು. ಎಂಟು ವರ್ಷಗಳ ಬಳಿಕ, 1996ರ ಡಿಸೆಂಬರ್ 18ರಂದು, ಪಿಯುಸಿಎಲ್ ಎಂಬ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ಕಟ್ಟಳೆ ವಿಧಿಸಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶಕ್ಕೆ ಎರಡು ತಿಂಗಳ ಗಡುವು, ಸರಿಯೋ ತಪ್ಪೋ ಎಂದು ನೋಡಲು ಪರಿಶೀಲನಾ ಸಮಿತಿ. 1885ರ ಟೆಲಿಗ್ರಾಫ್ ಕಾಯಿದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂದು, 2024ರ ಡಿಸೆಂಬರಿನಲ್ಲಿ ಹೊಸ ನಿಯಮಗಳು ಹೊರಟರೂ ಈ ಚೌಕಟ್ಟು ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ.

ಜಾಡಿಗೆ ಇಷ್ಟೆಲ್ಲ ಬೀಗಗಳಿಲ್ಲ. ಸಿಡಿಆರ್ ತರಿಸಲು ಗೃಹ ಕಾರ್ಯದರ್ಶಿಯವರೆಗೆ ಹೋಗಬೇಕಾಗಿಲ್ಲ. ತನಿಖೆಗೆ ಬೇಕಾದ ದಾಖಲೆ ಒದಗಿಸಿ ಎಂದು ಕೇಳುವ ಸಾಮಾನ್ಯ ಅಧಿಕಾರದಡಿಯಲ್ಲೇ, ಎಸ್ಪಿ ದರ್ಜೆಯ ಅಧಿಕಾರಿಯ ಮೂಲಕ ಅದು ಬರುತ್ತದೆ. ಬಂಟ್ವಾಳ, ಬೆಳ್ತಂಗಡಿಯವರ ಪಾಲಿಗೆ ಅದು ಜಿಲ್ಲಾ ಎಸ್ಪಿ ಕಚೇರಿ. ಮೂಡುಬಿದಿರೆ ಠಾಣೆ ಮಾತ್ರ ಮಂಗಳೂರು ಕಮಿಷನರೇಟಿಗೆ ಸೇರಿದ್ದು. ಪತ್ರ ಯಾವ ಮೇಜಿನಿಂದ ಹೊರಟರೂ ನ್ಯಾಯಾಧೀಶರ ಸಹಿ ಅದಕ್ಕೆ ಬೇಕಿಲ್ಲ. ಒಬ್ಬರ ಜಾಡು ಸಾಲದು, ಇಂಥ ಹೊತ್ತಿನಲ್ಲಿ ಇಂಥ ಟವರಿನಡಿ ಇದ್ದ ಎಲ್ಲ ನಂಬರುಗಳೂ ಬೇಕು ಎಂದರೂ ಸಿಗುತ್ತದೆ. ಅದಕ್ಕೆ ‘ಟವರ್ ಡಂಪ್’ ಎಂದು ಹೆಸರು. ಧರ್ಮಸ್ಥಳ, ಪುತ್ತೂರು, ಮಂಗಳೂರು ಎಂದು ನಾಲ್ಕು ದಿಕ್ಕಿಗೂ ಬಸ್ಸು ಹೊರಡುವ ಬಿ.ಸಿ.ರೋಡಿನಲ್ಲಿ ಬೆಳಗಿನ ಒಂದು ಗಂಟೆಗೆ ಎಷ್ಟು ಫೋನುಗಳು ಹಾದುಹೋಗುತ್ತವೆ ಎಂಬುದನ್ನು ನಿತ್ಯ ಪ್ರಯಾಣಿಕರೇ ಊಹಿಸಿಕೊಳ್ಳಬಹುದು.

ಹಾಗಾದರೆ ಮಾತು ದೊಡ್ಡದೋ ಜಾಡು ದೊಡ್ಡದೋ? ಆ ಹೆಂಗಸು ಫೋನಿನಲ್ಲಿ ‘ಬಸ್ಸು ಸಿಕ್ಕಿತು, ಬರುತ್ತೇನೆ’ ಎಂದಷ್ಟೇ ಹೇಳಿರಬಹುದು. ಅದನ್ನು ಕೇಳಿ ಯಾರಿಗೂ ಏನೂ ಸಿಗದು. ಎರಡು ವರ್ಷದ ಜಾಡನ್ನು ನಕ್ಷೆಯ ಮೇಲೆ ಚುಕ್ಕಿಗಳಾಗಿ ಇಟ್ಟರೆ ಅವಳು ರಾತ್ರಿ ಎಲ್ಲಿ ಮಲಗುತ್ತಾಳೆ, ಯಾವ ದೇವರಿಗೆ ಹೋಗುತ್ತಾಳೆ, ಯಾವ ಸಭೆಗೆ ಹೋದಳು, ಯಾರ ನಂಬರಿಗೆ ದಿನವೂ ಮಾತಾಡುತ್ತಾಳೆ ಎಂಬ ಜಾತಕವೇ ಸಿದ್ಧವಾಗುತ್ತದೆ.

ಜಾತಕ ಓದುವವರು ತಪ್ಪಿದರೆ ಏನಾದೀತು ಎಂಬುದಕ್ಕೆ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನಷ್ಟು ಹತ್ತಿರದ ಉದಾಹರಣೆ ಬೇರೆ ಇಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಆ ಹಳ್ಳಿಯಿಂದ 2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆ ಮಂಗಳೂರು ವಿಶ್ವವಿದ್ಯಾನಿಲಯದ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯ ಹಾಗೂ ಅವರ ತಂದೆಯನ್ನು ಬಂಧಿಸಿತು. ನಕ್ಸಲರಿಗೆ ನೆರವಾದರು ಎಂಬುದು ಆರೋಪ. ಮನೆಯಲ್ಲಿ ಸಿಕ್ಕಿದ್ದೆಂದು ತೋರಿಸಿದ ವಸ್ತುಗಳಲ್ಲಿ ಭಗತ್ ಸಿಂಗ್ ಬಗೆಗಿನ ಪುಸ್ತಕವಿತ್ತು, ಪತ್ರಿಕೆಯ ತುಣುಕುಗಳಿದ್ದವು, ಊರಿಗೆ ಮೂಲಸೌಕರ್ಯ ಸಿಗುವವರೆಗೆ ಚುನಾವಣೆ ಬಹಿಷ್ಕರಿಸೋಣ ಎಂಬ ಪತ್ರವಿತ್ತು, ಮೊಬೈಲುಗಳಿದ್ದವು. ಆ ಫೋನುಗಳಿಂದ ನಕ್ಸಲರೊಡನೆ ಸಂಪರ್ಕವಿತ್ತೆಂದು ತೋರಿಸಲು ಸರಕಾರದ ಕಡೆಗೆ ಸಾಧ್ಯವಾಗಲಿಲ್ಲ. 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಬಿಡುಗಡೆ ಮಾಡಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಬರೆಯಬೇಕಾಯಿತು ನ್ಯಾಯಾಧೀಶರು. ಅದಕ್ಕೆ ಒಂಬತ್ತೂವರೆ ವರ್ಷ ಹಿಡಿಯಿತು. ವಿದ್ಯಾರ್ಥಿ ಅಷ್ಟು ಹೊತ್ತಿಗೆ ಪತ್ರಕರ್ತರಾಗಿದ್ದರು.

ಖಾಸಗಿತನ ಎಂಬ ಪದವೇ ಇತ್ತೀಚಿನದು. ಮನೆಯೊಳಗಿನ ಮಾತು ಮನೆಯೊಳಗೇ ಇರಬೇಕು ಎಂಬ ತಿಳಿವಳಿಕೆ ಮಾತ್ರ ಹಳೆಯದು. ಅದನ್ನು ಮೂಲಭೂತ ಹಕ್ಕು ಎಂದು ಹೇಳಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಜುಲೈ, ಆಗಸ್ಟಿನಲ್ಲಿ ವಾದ ಕೇಳಿ, ಆಗಸ್ಟ್ 24ರಂದು ಒಮ್ಮತದ ತೀರ್ಪು ಕೊಟ್ಟಿತು. ಅದೇ ಮಳೆಗಾಲದಲ್ಲಿ ಬಂಟ್ವಾಳದಲ್ಲಿ ಗಲಭೆ, ಕೊಲೆ, ವಾರಗಟ್ಟಲೆ ನಿಷೇಧಾಜ್ಞೆ. ಬಾಗಿಲು ಮುಚ್ಚಿದ ಅಂಗಡಿಗಳ ಮುಂದೆ ನಿಂತ ಪೊಲೀಸರಿಗೂ ದಾರಿಹೋಕರಿಗೂ ದಿಲ್ಲಿಯ ಆ ವಾದ ಕೇಳುವಷ್ಟು ಪುರುಸೊತ್ತು ಎಲ್ಲಿತ್ತು? ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಅವರ ತೀರ್ಪಿಗೆ ಮುಂಚೆ ಇದ್ದದ್ದು ಖರಕ್ ಸಿಂಗ್ ಮೊಕದ್ದಮೆ. ಉತ್ತರ ಪ್ರದೇಶದ ಈ ಮನುಷ್ಯನ ಮೇಲಿದ್ದ ಡಕಾಯಿತಿ ಆರೋಪಕ್ಕೆ ಸಾಕ್ಷ್ಯ ಸಿಗದೆ ಅವನನ್ನು ಬಿಟ್ಟಿದ್ದರು. ಆದರೂ ಪೊಲೀಸರು ಅವನ ಹೆಸರಲ್ಲೊಂದು ಹಾಳೆ ತೆರೆದು, ರಾತ್ರಿ ಹೊತ್ತು ಬಂದು ಬಾಗಿಲು ಬಡಿದು ‘ಇದ್ದೀಯಾ’ ಎಂದು ನೋಡಿ ಹೋಗುತ್ತಿದ್ದರು. ರಾತ್ರಿ ಮನೆಗೆ ಬರುವುದು ಕೂಡದು ಎಂದು 1962ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಖಾಸಗಿತನದ ಹಕ್ಕು ಮಾತ್ರ ಸಂವಿಧಾನದಲ್ಲಿ ಇಲ್ಲವೆಂದಿತು. (ಆ ತೀರ್ಪಿನ ದಿನವೂ ಡಿಸೆಂಬರ್ 18, ಕಾಕತಾಳೀಯ.) ಇಲ್ಲವೆಂದ ಆ ಭಾಗವನ್ನೇ 2017ರ ಪೀಠ ಅಳಿಸಿಹಾಕಿದ್ದು.

ಇಷ್ಟು ಹಳೆಯ ಕಥೆ ಈಗ ಯಾಕೆ ಎಂದರೆ, 2025ರ ಮೇ ತಿಂಗಳಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಕೊಲೆಯೊಂದು ನಡೆದು ಜಿಲ್ಲೆ ಕಾವೇರಿದ ಮೇಲೆ, ಜೂನಿನಲ್ಲಿ ಹಿಂದೂ ಸಂಘಟನೆಗಳ ಕಾರ್ಯಕರ್ತರ ಕಡೆಯಿಂದ ಒಂದು ದೂರು ಎದ್ದಿತು. ಪೊಲೀಸರು ರಾತ್ರಿ ಮನೆಗೆ ಬಂದು ಫೋಟೊ ತೆಗೆದು, ಜಿಪಿಎಸ್ ಗುರುತಿನ ಸಹಿತ ಆ್ಯಪಿಗೆ ಹಾಕಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. ಖರಕ್ ಸಿಂಗನ ಬಾಗಿಲು ಬಡಿದವನ ಕೈಯಲ್ಲಿ ಲಾಟೀನು ಇದ್ದಿರಬಹುದು, ಇಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಳ್ಳುವ ಕ್ಯಾಮರಾ. ತಲಪಾಡಿಯಾಚೆಯ ಕೇರಳ ಹೈಕೋರ್ಟು ಅದೇ ಜೂನಿನಲ್ಲಿ, ರೌಡಿ ಪಟ್ಟಿಯಲ್ಲಿರುವವನ ಮನೆಯ ಬಾಗಿಲನ್ನೂ ನಡುರಾತ್ರಿ ಬಡಿಯುವ ಅಧಿಕಾರ ಪೊಲೀಸರಿಗಿಲ್ಲ ಎಂದು ಹೇಳಿತ್ತು. ಕುತ್ಲೂರಿನಲ್ಲಿ ಕಣ್ಣಿಟ್ಟದ್ದು ಒಂದು ಬಗೆಯ ವಿಚಾರದವರ ಮೇಲೆ, 2025ರಲ್ಲಿ ಅದಕ್ಕೆ ತದ್ವಿರುದ್ಧ ವಿಚಾರದವರ ಮೇಲೆ. ಎರಡು ಸಲವೂ ಕೂಗಿದವರು ಬೇರೆ ಬೇರೆ ಜನ, ಒಂದು ಸಲ ಕೂಗಿದವರು ಇನ್ನೊಂದು ಸಲ ಸುಮ್ಮನಿದ್ದರು.

ಇನ್ನು ಮುಖ ಗುರುತಿಸುವ ಕ್ಯಾಮರಾ. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ ಚೆನ್ನಯ ಜೋಡುಕರೆ ಕಂಬಳ ನಡೆಯುವಾಗ ಅಂಥದ್ದೊಂದನ್ನು ಇಟ್ಟರೆ ಎಂದು ಲೆಕ್ಕಕ್ಕಾಗಿ ಭಾವಿಸಿ. 10,000 ಜನ ಸೇರಿದ್ದಾರೆ, ಪೊಲೀಸರಿಗೆ ಬೇಕಾದವರು ಅವರಲ್ಲಿ ಇಬ್ಬರು. ಯಂತ್ರ ಬಹಳ ಒಳ್ಳೆಯದು, ಸಾವಿರಕ್ಕೆ ಒಂದೇ ತಪ್ಪು. ಇಬ್ಬರನ್ನೂ ಅದು ಹಿಡಿಯಿತು, ಸಂತೋಷ. ಜೊತೆಗೆ ಇನ್ನೂ ಹತ್ತು ಮಂದಿಯನ್ನು ತೋರಿಸಿತು. ತೋರಿಸಿದ ಹನ್ನೆರಡರಲ್ಲಿ ಹತ್ತು ಮಂದಿ ಕೋಣದ ಓಟ ನೋಡಲು ಬಂದವರು! ಸಾವಿರಕ್ಕೆ ಒಂದೇ ತಪ್ಪು ಎಂಬ ಮಾತು ಸುಳ್ಳಲ್ಲ, ಹತ್ತು ಮಂದಿ ಪೊಲೀಸ್ ಜೀಪಿನ ಬಳಿ ನಿಂತದ್ದೂ ಸುಳ್ಳಲ್ಲ. ಶೇಕಡಾ 80 ಹೋಲಿಕೆ ಬಂದರೆ ಅದನ್ನು ಸರಿಯಾದ ಗುರುತೆಂದು ಎಣಿಸುತ್ತೇವೆ ಎಂದು ದಿಲ್ಲಿ ಪೊಲೀಸರು 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರಿಸಿದ್ದರು. ಹೋಲಿಕೆಗೆ 80 ಅಂಕ ಬಂದದ್ದು ಬೇರೆ, ಆ ಮನುಷ್ಯ ಅವನೇ ಆಗಿರುವ ಸಂಭವ ಶೇಕಡಾ 80 ಎನ್ನುವುದು ಬೇರೆ. ಗಣಿತದ ಮೇಷ್ಟ್ರ ಮುಂದೆ ಹೀಗೆ ಬೆರೆಸಿದರೆ ಕಿವಿ ಹಿಂಡಿಸಿಕೊಳ್ಳಬೇಕಾದೀತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಂಗಡಿಯವನಿಗೆ, ಬ್ಯಾಂಕಿಗೆ, ಫೋನ್ ಕಂಪನಿಗೆ ಅನೇಕ ಕಟ್ಟುಪಾಡು ಹಾಕುತ್ತದೆ. ಅಪರಾಧ ತಡೆ, ತನಿಖೆ ಎಂದ ಕೂಡಲೇ ಅವುಗಳಲ್ಲಿ ಬಹುಪಾಲು ಸಡಿಲವಾಗುತ್ತವೆ. ಪೂರ್ತಿ ಹೊರಗಿಡಬೇಕಾದ ಸರಕಾರಿ ಸಂಸ್ಥೆಗಳನ್ನು ಹೆಸರಿಸುವ ಅಧಿಕಾರವೂ ಕೇಂದ್ರಕ್ಕಿದೆ.

ಪುಂಜಾಲಕಟ್ಟೆಯ ಆ ಹೆಂಗಸಿನ ವಿಷಯಕ್ಕೆ ಬರುವುದಾದರೆ, ಅವಳು ಬಿ.ಸಿ.ರೋಡಿನಲ್ಲಿ ಇಳಿದ ಹೊತ್ತಿಗೆ ಅಲ್ಲೊಂದು ಚಿನ್ನದ ಅಂಗಡಿಯಲ್ಲಿ ಕಳವಾಯಿತು ಎಂದಿಟ್ಟುಕೊಳ್ಳಿ. ಪೊಲೀಸರು ಟವರ್ ಡಂಪ್ ತರಿಸುತ್ತಾರೆ, ಅವಳ ನಂಬರೂ ಅದರಲ್ಲಿ ಇರುತ್ತದೆ. ಕಳ್ಳ ಸಿಕ್ಕಿದ ಮೇಲೆ ಆ ಪಟ್ಟಿ ಯಾವ ಕಂಪ್ಯೂಟರಿನಲ್ಲಿ ಉಳಿಯಿತು, ಯಾರು ನೋಡಿದರು, ಯಾವಾಗ ಅಳಿಸಿದರು ಎಂದು ಅವಳಿಗೆ ಯಾರೂ ತಿಳಿಸುವುದಿಲ್ಲ. ತಿಳಿಸಬೇಕೆಂಬ ನಿಯಮವೂ ಇಲ್ಲ. ತನ್ನ ನಂಬರು ಪಟ್ಟಿಯಲ್ಲಿತ್ತು ಎಂಬುದೇ ಅವಳಿಗೆ ಗೊತ್ತಿರುವುದಿಲ್ಲ.