ಹಂಗಾಮಿನ ಕಡೆಯ ಹೂಗಳು

ಪುಷ್ಯಮಾಸದ ಅವರಾತ್ರಿ ಅಮಾವಾಸ್ಯೆ ಕಳೆದು, ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳು ಸಾಲುಗಟ್ಟಿ ಸಾಗತೊಡಗುವ ವೇಳೆಗೆ, ಅಗಡಿಯಂತಹ ನಮ್ಮ ಹಾವೇರಿ ಸೀಮೆಯ ಊರುಗಳ ಹಿತ್ತಿಲಿನಲ್ಲಿ ಸೇವಂತಿಗೆಯ ವೈಭವವು ಮುಗಿಯುತ್ತ ಬಂದಿರುತ್ತದೆ. ಹಗಲು ಕಿರಿದಾದಂತೆ ಮೊಗ್ಗು ಹಿಡಿಯುವುದು ಈ ಸಸ್ಯದ ಪ್ರಕೃತಿಧರ್ಮವಾದುದರಿಂದ, ದಿನಮಾನವು ಮರಳಿ ಬೆಳೆಯಲಾರಂಭಿಸಿದ ಮೇಲೆ ತುದಿಯಲ್ಲಿ ಉಳಿಯುವವು ನಾಲ್ಕಾರು ಹೂಗಳು ಮಾತ್ರ: ಎಸಳು ಸಣ್ಣದು, ಅಂಚಿನ ಬಣ್ಣ ತುಸು ಮಾಸಿದ್ದು, ಮಗ್ಗುಲಲ್ಲಿ ಅರಳಲೋ ಬೇಡವೋ ಎಂದು ನಿಂತ ಒಂದು ಮೊಗ್ಗು. ಮಾರಿನ ಲೆಕ್ಕದಲ್ಲಿ ಹೂ ಮಾರುವವರಿಗೆ ಇವು ಬೇಡ; ಮಾಲೆಗೆ ಸಾಲವು; ಒಂದೆರಡು ದೇವರ ಜಗಲಿಗೇರಿದರೆ ಮಿಕ್ಕವು ಗಿಡದಲ್ಲಿಯೇ ಒಣಗುವವು. ಇವುಗಳನ್ನು ದಂಟಿನ ಸಹಿತ ಕೊಯ್ದು, ನೀರು ತುಂಬಿದ ಪಾತ್ರೆಯಲ್ಲಿಟ್ಟು, ಪಡಸಾಲೆಯಲ್ಲಿ ಬಂದವರ ಕಣ್ಣಿಗೆ ಬೀಳುವಂತೆ ನಿಲ್ಲಿಸಬೇಕೆಂಬುದು ನನ್ನ ಆಗ್ರಹ.

ನಮ್ಮ ಜನರ ಪುಷ್ಪಪ್ರೀತಿಗೆ ಕೊರತೆಯಿಲ್ಲ. ಆದರೆ ನಮ್ಮಲ್ಲಿ ಹೂವು ದಂಟನ್ನು ಬಿಟ್ಟೇ ಮನೆಯೊಳಗೆ ಬರುತ್ತದೆ; ದೇವರ ಮುಡಿಗೆ, ಹೆಣ್ಣುಮಕ್ಕಳ ಹೆರಳಿಗೆ, ಬಾಗಿಲ ಮಾಲೆಗೆ ಸಂದು, ಸಂಜೆಗೋ ಮರುದಿನಕ್ಕೋ ನಿರ್ಮಾಲ್ಯವಾಗುತ್ತದೆ. ಹೂದಾನಿಯು ಪರದೇಶದ ಅಲಂಕಾರವೆಂದು ಯಾರಾದರೂ ಎಂದರೆ ನಾನೊಪ್ಪಲಾರೆ. ನೀರು ತುಂಬಿ ಎಲೆಯಿಟ್ಟ ಕಲಶವು ನಮ್ಮ ಪ್ರತಿಯೊಂದು ಶುಭಕಾರ್ಯದಲ್ಲಿಯೂ ಉಂಟು. ತುಂಬಿದ ಕೊಡದಿಂದ ಹೂವೆಲೆಗಳು ಹೊರಚೆಲ್ಲುವ ಪೂರ್ಣಘಟವನ್ನು ಪ್ರಾಚೀನ ಶಿಲ್ಪಿಗಳು ದೇವಾಲಯಗಳ ಕಲ್ಲಿನಲ್ಲಿ ಕಡೆದಿದ್ದಾರೆ. ಬುದ್ಧನಿಗರ್ಪಿಸಿದ ಹೂವಿನಿಂದ ಮೊದಲಾಗಿ, ಕ್ಯೋಟೊ ನಗರದ ರೊಕ್ಕಾಕುಡೋ ದೇವಾಲಯದ ಅರ್ಚಕರ ಕೈಯಲ್ಲಿ 15ನೆಯ ಶತಮಾನದಿಂದ ಶಾಸ್ತ್ರವಾಗಿ ಬೆಳೆದ ಜಪಾನಿನ ಇಕೆಬಾನ ಕಲೆಯಲ್ಲಿ, ಅರಳಿದ ಹೂವಿಗೆ ಇರುವಷ್ಟೇ ಮನ್ನಣೆ ಮೊಗ್ಗಿಗೂ, ಬಾಡಿದ ಎಲೆಗೂ, ಹುಳು ಕೊರೆದ ಎಲೆಗೂ ಉಂಟು. ಆ ದೃಷ್ಟಿಯಿಂದ ನೋಡಿದರೆ ನಮ್ಮ ಹಿತ್ತಿಲಿನ ಈ ಕಡೆಯ ಫಸಲಿನಲ್ಲಿ ಲೋಪವೆಂಬುದೇ ಇಲ್ಲ. ಧೂಳು ಹಿಡಿದು ವರ್ಷಗಟ್ಟಲೆ ನಿಲ್ಲುವ ಪ್ಲಾಸ್ಟಿಕ್ ಗುಲಾಬಿಯು ಎಷ್ಟೋ ಪಡಸಾಲೆಗಳನ್ನು ಆಕ್ರಮಿಸಿರುವಾಗ, ಐದಾರು ದಿನ ಬದುಕಿ ಎಲ್ಲರೆದುರಿಗೆ ಬಾಡುವ ಜೀವಂತ ಹೂವನ್ನು ಮನೆಯ ಮಕ್ಕಳು ಕಾಣುವುದು ಅವಶ್ಯವೆಂದೇ ನಾನು ತಿಳಿಯುತ್ತೇನೆ.

ಇದಕ್ಕೆ ಬೆಲೆಬಾಳುವ ಸಾಮಗ್ರಿಯೇನೂ ಬೇಡ. ತಾಮ್ರದ ತಂಬಿಗೆಯೊಂದು ಸಾಕು. ಬೆಳಗಿನ ತಂಪಿನಲ್ಲಿ ಕೊಯ್ದು, ದಂಟಿನ ತುದಿಯನ್ನು ಹರಿತವಾದ ಚೂರಿಯಿಂದ ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಬೇಕು. ಮುಳುಗಿದ ಎಲೆ ಕೊಳೆತರೆ ಸೂಕ್ಷ್ಮಜೀವಿಗಳು ಹೆಚ್ಚಿ, ನೀರೇರುವ ನಾಳಗಳು ಕಟ್ಟಿಕೊಂಡು, ತುಂಬಿದ ತಂಬಿಗೆಯಲ್ಲಿಯೇ ಹೂವು ನೀರಡಿಸಿ ಬಾಗುತ್ತದೆ. ಆದಕಾರಣ ದಿನಾಲು ನೀರು ಬದಲಿಸುವುದೇ ಇಲ್ಲಿಯ ಮುಖ್ಯ ವ್ರತ. ಸೇವಂತಿಗೆಯ ಜೊತೆಗೆ ಎರಡು ಚೆಂಡುಹೂವು, ಹಿತ್ತಿಲಿನಲ್ಲಿದ್ದರೆ ಒಂದು ತುಳಸಿಯ ಕದಿರು. ಎತ್ತರ ತಗ್ಗುಗಳನ್ನು ಸರಿಮಾಡಲು ಹೋಗದೆ, ಗಿಡದಲ್ಲಿ ವಾಲಿದ್ದ ಕಡೆಗೇ ದಂಟು ವಾಲಲಿ. ಮುಂದಿನ ಮಳೆಗಾಲದ ಬೀಜಕ್ಕೆಂದು ಒಂದೆರಡು ಚೆಂಡುಹೂಗಳನ್ನು ಮಾತ್ರ ಗಿಡದಲ್ಲಿಯೇ ಒಣಗಗೊಡಬೇಕು. ಸೇವಂತಿಗೆಗಾದರೋ ಬುಡದಲ್ಲೊಡೆಯುವ ಮರಿಗಳಿವೆ.

ಮನೆಯ ಪಡಸಾಲೆಗಷ್ಟೇ ಅಲ್ಲ, ಊರಿನ ವಾಚನಾಲಯಕ್ಕೂ ಈ ಹೂಗಳು ಸಲ್ಲಬೇಕು; ಅದರಲ್ಲಿಯೂ ಅಗಡಿಯು ಸಾಮಾನ್ಯವಾದ ಊರಲ್ಲ. 20ನೆಯ ಶತಮಾನದ ಆರಂಭಕಾಲದಲ್ಲಿ ಇಲ್ಲಿಯ ಆನಂದವನವೆಂಬ ಆಶ್ರಮದಿಂದ, ಗಳಗನಾಥರ ಸಂಪಾದಕತ್ವದಲ್ಲಿ, ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಕನ್ನಡಿಗರ ಮನೆಮನೆಗೆ ಹೋಗುತ್ತಿದ್ದಿತು. ಅಂತಹ ಊರಿನಲ್ಲಿ, ಮತ್ತು ನೆರೆಯ ಊರುಗಳಲ್ಲಿಯೂ, ವಾಚನಾಲಯದ ಮೇಜಿನ ಮೇಲೆ ಇಂತಹದೊಂದು ತಂಬಿಗೆಯು ಫಾಲ್ಗುಣದವರೆಗಾದರೂ ಇರಬೇಕು. ಹೂವನ್ನು ಯಾರ ಹಿತ್ತಿಲಿನಿಂದಲಾದರೂ ತರಬಹುದು. ನೀರು ಬದಲಿಸುವ ಕೆಲಸವನ್ನು ಓದಲು ಬರುವ ಹುಡುಗರೇ ಸರದಿಯಂತೆ ವಹಿಸಿಕೊಂಡಾರು.