ಹಳೆಯ ಗಾಡಿಯ ಗಾಜೂ ಧಣಿಗಳ ಮುಷ್ಟಿಯಲ್ಲಿ!

"ಗಾಡಿ ಹಳೆಯದು, ಇದರ ಗಾಜು ಈಗ ಬರುವುದಿಲ್ಲ, ಹೊಸ ಗಾಡಿ ತೆಗೆದುಕೊಳ್ಳಿರಿ." ಮುಳವಾಡ, ಕೊಲ್ಹಾರ, ಬಸವನ ಬಾಗೇವಾಡಿಗಳಿಂದ ಸಂತೆಗೆ ಮಾಲು ಹೊರುವ ಚಿಲ್ಲರೆ ವ್ಯಾಪಾರಿ ಪೇಟೆಗೆ ಹೋದರೆ ಸಿಗುವ ಉತ್ತರವಿದು. ಒಡೆದದ್ದಾದರೂ ಏನು? ಎಂಜಿನ್ ಅಲ್ಲ, ಗೇರು ಅಲ್ಲ. ವ್ಯಾನಿನ ಹಿಂಬದಿಯ ಪಕ್ಕದಲ್ಲಿ, ಏರಿಸಲೂ ಇಳಿಸಲೂ ಬಾರದಂತೆ ರಬ್ಬರಿನ ಕಟ್ಟಿನಲ್ಲಿ ಕೂಡಿಸಿದ ಒಂದು ಗಾಜು. ಮುಂದಿನ ಲಾರಿಯ ಗಾಲಿಯಿಂದ ಸಿಡಿದ ಒಂದು ಖಡಿ ಸಾಕು, ಅದು ಪುಡಿಪುಡಿ. ಒಂದು ಗಾಜಿಗಾಗಿ ಗಾಡಿಯನ್ನೇ ಮಾರು, ಹೊಸದರ ಸಾಲದ ಕಂತಿಗೆ ಕೊರಳೊಡ್ಡು ಎನ್ನುವ ಈ ನ್ಯಾಯ ಯಾರದು ಎಂದು ನಾವು ಕೇಳುತ್ತೇವೆ. ಕೊಲ್ಹಾರದ ಮೊಸರು ಹಳೆಯ ವ್ಯಾನಿನಲ್ಲಿ ಬಂದರೆ ಹುಳಿಯೇನೂ ಹೆಚ್ಚಾಗುವುದಿಲ್ಲ!

ಗಾಜು ಸಿಗದ ಬಡವ ಏನು ಮಾಡುತ್ತಾನೆ? ತಗಡು ಬಡಿಯುತ್ತಾನೆ, ತಾಡಪತ್ರಿ ಕಟ್ಟುತ್ತಾನೆ. ಇಲ್ಲವೆ ಮನೆಯ ಕಿಟಕಿಗೆ ಹಾಕುವ ಗಾಜನ್ನೇ ಕೊಯ್ಯಿಸಿ ಕೂಡಿಸುತ್ತಾನೆ. ಕೇಡು ಇರುವುದು ಇಲ್ಲಿಯೇ. ಗಾಡಿಯ ಪಕ್ಕದ ಗಾಜನ್ನು ಕಾರಖಾನೆಯಲ್ಲಿ 600 ಡಿಗ್ರಿಗೂ ಮೇಲೆ ಕಾಯಿಸಿ, ಒಮ್ಮೆಲೆ ಗಾಳಿ ಹಾಯಿಸಿ ತಣಿಸಿರುತ್ತಾರೆ. ಅದು ಒಡೆದರೆ ಜೋಳದ ಕಾಳಿನಂಥ ಮೊಂಡು ಹರಳಾಗಿ ಉದುರುತ್ತದೆ. ಮನೆಯ ಗಾಜಾದರೋ ಕುಡುಗೋಲಿನಂಥ ಸೀಳುಗಳಾಗಿ ಹಾರುತ್ತದೆ. ರಾತ್ರಿ ಪಾಳಿ ಮುಗಿಸಿ, ಅದೇ ವ್ಯಾನಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುವ ಗಿರಣಿ ಕಾರ್ಮಿಕನ ಕೆನ್ನೆಯ ಪಕ್ಕದಲ್ಲಿ ಕಾದಿರುವುದು ಆ ಸೀಳುಗಳು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದು ಕಿಟಕಿಗಳಿಗೂ ಸುರಕ್ಷಾ ಗಾಜೇ ಇರಬೇಕೆನ್ನುತ್ತದೆ. ಒಳ್ಳೆಯ ನಿಯಮ. ಆದರೆ ಆ ಗಾಜನ್ನು ಸಂತೆಯ ವ್ಯಾಪಾರಿಗೆ ಒದಗಿಸುವ ಹೊಣೆ ಯಾರದು? 15 ವರ್ಷ ಮೀರಿದ ಬಸ್ಸು, ಲಾರಿಗಳ ಅರ್ಹತಾ ಪತ್ರದ ನವೀಕರಣ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 1,500 ರೂಪಾಯಿಯಿಂದ 12,500ಕ್ಕೆ ಏರಿಸಿದರು. ಸಣ್ಣ ಗಾಡಿಗಳನ್ನೂ ಬಿಡಲಿಲ್ಲ. ಹಳೆಯದನ್ನು ಇಟ್ಟುಕೊಂಡದ್ದಕ್ಕೆ ಹಣ ತೆರಬೇಕಂತೆ, ಅದನ್ನು ಸರಿಪಡಿಸಲು ಗಾಜು ಮಾತ್ರ ಕೇಳಬಾರದಂತೆ. ಹಳೆಯ ಗಾಡಿ ಹೊಗೆ ಉಗುಳುತ್ತದೆ ಎನ್ನುವವರಿದ್ದಾರೆ. ಉಗುಳುವ ಗಾಡಿಯನ್ನು ಹೊಗೆ ಪರೀಕ್ಷೆಯಲ್ಲಿ ಹಿಡಿಯಲಿ, ನಾವು ಅಡ್ಡ ಬರುವುದಿಲ್ಲ. ಗಾಜಿನಿಂದ ಹೊಗೆ ಬಂದದ್ದನ್ನು ಕಂಡವರುಂಟೇ?

ಬಿಡಿಭಾಗಗಳ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಗುಟ್ಟೇನಲ್ಲ. 2011ರ ಒಂದು ದೂರಿನ ಮೇಲೆ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಅಪರಾಧವೇನು? ಅಸಲಿ ಬಿಡಿಭಾಗಗಳೂ ದುರಸ್ತಿಯ ಮಾಹಿತಿಯೂ ಹೊರಗಿನ ಮೇಸ್ತ್ರಿಗಳ ಕೈಗೆ ಸಿಗದಂತೆ ತಡೆದದ್ದು. ಕಂಪನಿಗಳು ಮೇಲಿನ ಕಟ್ಟೆ ಹತ್ತಿದವು. 2016ರಲ್ಲಿ ಮೇಲ್ಮನವಿ ಮಂಡಳಿ ಮೂರು ಕಂಪನಿಗಳ ತಪ್ಪನ್ನು ಎತ್ತಿಹಿಡಿಯಿತು. ದಂಡವನ್ನು ಮಾತ್ರ ಬಿಡಿಭಾಗಗಳ ವಹಿವಾಟಿನ ಲೆಕ್ಕಕ್ಕಷ್ಟೇ ಇಳಿಸಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ "ದುರಸ್ತಿಯ ಹಕ್ಕು" ಎಂದು ಸಮಿತಿ ಮಾಡಿತು, ಮಾಹಿತಿ ತಾಣ ತೆರೆಯಿತು. ಸಮಿತಿಯನ್ನು ಚೌಕಟ್ಟಿಗೆ ಕೂಡಿಸಿದರೆ ಗಾಳಿ, ಮಳೆ ನಿಲ್ಲುತ್ತವೆಯೇ?

ನಮ್ಮ ಜನ ಅಲ್ಲಿಯವರೆಗೆ ಕೈಕಟ್ಟಿ ಕೂಡಬೇಕಿಲ್ಲ. ಕಾಯಿಸಿ ತಣಿಸಿದ ಗಾಜನ್ನು ಆಮೇಲೆ ಕೊಯ್ಯಲು ಬರುವುದಿಲ್ಲ, ಸಿಡಿದುಹೋಗುತ್ತದೆ. ಆದರೆ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜನ್ನು ಅಳತೆಗೆ ಕೊಯ್ಯಬಹುದು. ಒಡೆದರೂ ಚೂರುಗಳು ಪದರಕ್ಕೆ ಅಂಟಿಕೊಂಡೇ ಇರುತ್ತವೆ. ವಾಹನಗಳಿಗೆಂದೇ ಇರುವ ಐ.ಎಸ್. 2553 ಗುರುತಿನ ಹಾಳೆಯನ್ನೇ ಕೇಳಿರಿ. ಗಾಜು ಸಪಾಟಾಗಿದ್ದರೆ, ಒಡೆಯದೆ ಉಳಿದ ಇನ್ನೊಂದು ಬದಿಯಿಂದ ರಟ್ಟಿನ ಅಳತೆ ತೆಗೆದು ಮಗುಚಿ ಹಿಡಿಯಿರಿ. ರಬ್ಬರಿನೊಳಗೆ ಅಡಗಿದ ಅಂಚನ್ನು ಲೆಕ್ಕಕ್ಕೆ ಸೇರಿಸಲು ಮರೆಯಬೇಡಿರಿ. ಚೌಕಟ್ಟಿನ ತುಕ್ಕು ತಿಕ್ಕಿ, ಗಾಜಿಗೆ ರಬ್ಬರು ತೊಡಿಸಿ, ಅದರ ಹೊರಗಿನ ಸೀಳಿನಲ್ಲಿ ದಾರ ಸುತ್ತಿ ಸಾಬೂನಿನ ನೀರು ಸವರಬೇಕು. ಒಬ್ಬ ಹೊರಗಿನಿಂದ ಒತ್ತುತ್ತಿರಲು ಮತ್ತೊಬ್ಬ ಒಳಗಿನಿಂದ ದಾರ ಎಳೆದರೆ ರಬ್ಬರಿನ ತುಟಿ ತಗಡನ್ನು ಕಚ್ಚಿಕೊಳ್ಳುತ್ತದೆ. ಇಬ್ಬರು ಆಳು, ಒಂದು ದಾರ! ಇದಕ್ಕಾಗಿ ಹೊಸ ಗಾಡಿಯೇ ಬೇಕಂತೆ.

ಬಾಗಿದ ಗಾಜಿನ ಗಾಡಿಯವನಿಗೆ ಈ ದಾರಿಯೂ ಇಲ್ಲ. ಅದಕ್ಕೆ ಅಚ್ಚು ಬೇಕು, ನಕ್ಷೆ ಬೇಕು, ಅವೆರಡೂ ಕಂಪನಿಯ ಕಪಾಟಿನಲ್ಲಿವೆ. ಮಾದರಿಯನ್ನು ನಿಲ್ಲಿಸಿದ ಕಂಪನಿ ಗಾಜನ್ನಾದರೂ ಮಾರಲಿ, ಇಲ್ಲವೆ ನಕ್ಷೆಯನ್ನು ಬಿಟ್ಟುಕೊಡಲಿ. ಮಾಡಿಕೊಡಲು ಬೇರೆ ಕಾರಖಾನೆಗಳಿವೆ. ಸರಕಾರ ಇದನ್ನು ಕಾಯದೆಯಾಗಿ ಬರೆಯಬೇಕು. ವ್ಯಾಪಾರಿಗಳು, ಚಾಲಕರು, ಗಿರಣಿ ಬಂಧುಗಳು ತಮ್ಮೂರಿನ ಗಾಡಿಯ ಮಾದರಿ, ತಯಾರಾದ ವರ್ಷ, ಯಾವ ಬದಿಯ ಗಾಜು ಸಿಗಲಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದು ನಮ್ಮ ಕಚೇರಿಗೆ ಮುಟ್ಟಿಸಲಿ. ಸಾರಿಗೆ ಇಲಾಖೆಗೆ ಕೊಡುವ ಮನವಿಯ ಜತೆಗೆ ಆ ಪಟ್ಟಿಯನ್ನೂ ಲಗತ್ತಿಸುತ್ತೇವೆ.